ಹಳೇ ಸೈಕಲ್ಲಿನ ವಿಚಾರವಾಗಿ ಗಡಿಯಾರದ ಹಿಂದಿನ ಹಲ್ಲಿಯವರಿಗೆ

ನಡುಮನೆಯ ಗೋಡೆ ಗಡಿಯಾರದ ಹಿಂದೆ ಖಾಯಂ ವಾಸವಿರುವ ಹಲ್ಲಿಯವರ ಸನ್ನಿಧಾನಕ್ಕೆ,

ಮಾನ್ಯರೇ,

ಹೊಳಲ್ಕೆರೆಯ ಈ ಮನೆಗೆ ಯಜಮಾನನೆಂದು ಕಂದಾಯದ ರಸೀದಿಯಲ್ಲಿ ಮಾತ್ರ ಕರೆಸಿಕೊಳ್ಳುವ ತಿಪ್ಪೇರುದ್ರಪ್ಪನು ಏಣಿಯ ಮೇಲಿಂದಲೇ ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಾವೂ, ಮೊನ್ನೆ ಪೊರಕೆ ತಾಗಿ ಉದುರಿದ ಬಾಲದ ಜಾಗದಲ್ಲಿ ಚಿಗುರುತ್ತಿರುವ ತಮ್ಮ ಹೊಸ ಬಾಲವೂ ಕ್ಷೇಮವೆಂದು ಭಾವಿಸುತ್ತೇನೆ. ನಾನು ಕ್ಷೇಮವಾಗಿಲ್ಲ.

ಯುಗಾದಿಗೆಂದು ಮನೆ ತೊಳೆಯುವ ಕೆಲಸ ನಡೆದಿರುವುದನ್ನು ತಾವು ಎತ್ತರದಿಂದ ನೋಡಿಯೇ ಇದ್ದೀರಿ. ಅಟ್ಟ ಖಾಲಿಯಾಗಿ, ಪಾತ್ರೆಗಳು ಅಂಗಳಕ್ಕಿಳಿದು, ಕೌದಿಗಳು ಕಾಂಪೌಂಡ್ ಏರಿ, ನಾನು ಸುಣ್ಣದ ಬಕೆಟ್ ಸಮೇತ ಏಣಿ ಏರಿದ್ದೇನೆ. ಇದರಲ್ಲಿ ನನ್ನ ತಕರಾರೇನೂ ಇಲ್ಲ. ಆದರೆ ಯಾವುದು ಮನೆಯಲ್ಲಿರಬೇಕು, ಯಾವುದು ಗುಜರಿಗೆ ಹೋಗಬೇಕು ಎಂಬುದಕ್ಕೆ ತಮ್ಮನ್ನು ನ್ಯಾಯಾಧೀಶರನ್ನಾಗಿ ನೇಮಿಸಿದವರು ಯಾರೆಂದು ತಿಳಿಯುತ್ತಿಲ್ಲ. ನನ್ನ ಶ್ರೀಮತಿ ದಾಕ್ಷಾಯಣಮ್ಮನವರು ಮುರಿದ ಛತ್ರಿಯನ್ನು ಎತ್ತಿಹಿಡಿದು "ಇದು ಇನ್ಯಾಕ್ ಬೇಕು, ಹೋಗ್ಲಿ ಬಿಡ್ರಿ" ಎಂದರೆ ಸಾಕು, ತಾವು ಗಡಿಯಾರದ ಹಿಂದಿನಿಂದ ಲೊಚಗುಟ್ಟುತ್ತೀರಿ. ಹಲ್ಲಿ ನುಡಿದರೆ ಆಡಿದ ಮಾತು ಸತ್ಯವೆಂದು ನಂಬಿದ ಮನೆತನದಿಂದ ಬಂದ ಅವರು ಕೂಡಲೇ ಬೆರಳಿನಿಂದ ನೆಲ ಕುಟ್ಟಿ "ನೋಡ್ರಿ, ಸತ್ಯ ಐತೆ" ಎನ್ನುತ್ತಾರೆ. ಛತ್ರಿ ಹೋಯಿತು, ರೇಡಿಯೋ ಹೋಯಿತು, ನನ್ನ ಮದುವೆಯ ಕೋಟು ಈಗ ನೆಲ ಒರೆಸುತ್ತಿದೆ. ನಾನು "ಇರಲಿ" ಎಂದಾಗ ಮಾತ್ರ ತಮ್ಮ ಗಂಟಲು ಕಟ್ಟಿರುತ್ತದೆ.

ತಮ್ಮ ನ್ಯಾಯನಿಷ್ಠೆಯನ್ನು ಎಷ್ಟು ಕೊಂಡಾಡಿದರೂ ಸಾಲದು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ನೆಲ ಅಗೆದಾಗ ಒಡೆದ ಮಡಕೆಯ ಚೂರು ಸಿಕ್ಕರೂ ಓದಿದವರು ಅದನ್ನು ಹತ್ತಿಯಲ್ಲಿ ಸುತ್ತಿ ಗಾಜಿನ ಪೆಟ್ಟಿಗೆಯಲ್ಲಿಡುತ್ತಾರೆ. ಆಗ ತಾವು ಅಲ್ಲಿದ್ದಿದ್ದರೆ ಅಷ್ಟೂ ಇತಿಹಾಸ ಒಂದೇ ಮಧ್ಯಾಹ್ನದಲ್ಲಿ ಗುಜರಿ ಗಾಡಿ ಹತ್ತಿ, ಶಾಲೆಯ ಮಕ್ಕಳಿಗೆ ಓದುವ ಹೊರೆಯಾದರೂ ಇಳಿಯುತ್ತಿತ್ತು.

ಈಗ ಸರದಿ ನನ್ನ ಸೈಕಲ್ಲಿನದು. ಅದಕ್ಕೆ ಚೈನಿಲ್ಲ, ಬ್ರೇಕಿಲ್ಲ, ಮುಂದಿನ ಚಕ್ರವೂ ಇಲ್ಲ, ಒಪ್ಪಿದೆ. ಆದರೆ ಮದುವೆಯಾದ ಹೊಸತರಲ್ಲಿ ಇದೇ ದಾಕ್ಷಾಯಣಮ್ಮನವರನ್ನು ಇದೇ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಬಿ.ದುರ್ಗದ ನೆಂಟರ ಮನೆಗೆ ಹೋಗುತ್ತಿದ್ದೆ. ಏರು ಬಂದರೂ ಇಳಿಯದೆ "ತುಳೀರಿ, ತುಳೀರಿ" ಎನ್ನುತ್ತಿದ್ದರು. ಅದು ಹೋದರೆ ನನಗೆ ಸಂಕಟವಾಗುತ್ತದೆ, ಇದರಲ್ಲಿ ತಮಾಷೆಯಿಲ್ಲ. ಆದ್ದರಿಂದಲೇ, ನಿಂತುಹೋದ ಗಡಿಯಾರವನ್ನು ಅವರು ಗುಜರಿಗೆ ಇಳಿಸಲು ಬಂದಾಗ, ತಾವು ಋಣ ನೆನೆಯುವಿರೆಂದು ನಂಬಿ ಏಣಿಯ ಮೇಲೆ ಅಡ್ಡ ನಿಂತು ತಮ್ಮ ಮನೆ ಉಳಿಸಿದೆ. ಮರುಗಳಿಗೆಯಲ್ಲೇ ಅವರು "ಹಂಗಾರೆ ಸೈಕಲ್ ಕೊಟ್ಬಿಡಾಣ" ಎಂದರು. ತಾವು ಲೊಚಗುಟ್ಟಿದಿರಿ. "ಅದು ಹೋದ್ರೆ ಈ ಮನ್ಯಾಗೆ ಉಳಿಯೋ ಹಳೇ ಸಾಮಾನು ನೀವೊಬ್ರೇ ನೋಡ್ರಿ" ಎಂದರು. ಅದಕ್ಕೂ ಲೊಚಗುಟ್ಟಿದಿರಿ. ಅಂದಿನಿಂದ ಗುಜರಿಯ ಓಬಳೇಶ್ ಬೀದಿಯಲ್ಲಿ ಕೂಗಿದಾಗಲೆಲ್ಲ ನಾನು ಹಿತ್ತಲು ಸೇರುತ್ತಿದ್ದೇನೆ.

ಆದಕಾರಣ ತಾವು ದಯಮಾಡಿ ಕೆಳಗಿಳಿದು ಸೈಕಲ್ಲನ್ನು ಖುದ್ದಾಗಿ ಪರಿಶೀಲಿಸಬೇಕು, ಸಾಧ್ಯವಾದರೆ ಕ್ಯಾರಿಯರ್ ಮೇಲೆ ಕುಳಿತು ಒಂದು ಏರು ಹತ್ತಿಸಿಕೊಂಡು ನೋಡಬೇಕು. ಬಾಯಲ್ಲಿ ನೊಣವಿರುವಾಗ ತೀರ್ಪು ನೀಡಬಾರದು. ಮೇಲ್ಮನವಿ ಕೇಳಲು ಅಡುಗೆಮನೆಯ ಹಲ್ಲಿಯವರನ್ನು ನೇಮಿಸಬೇಕು, ಅವರು ಮಿತಭಾಷಿಗಳು. ಇದ್ಯಾವುದೂ ಆಗದಿದ್ದರೆ ಹಬ್ಬ ಮುಗಿಯುವವರೆಗೆ ರಜೆ ಪಡೆದು ಚಂದ್ರವಳ್ಳಿಯ ಗುಹೆಗಳಲ್ಲಿ ವಿಶ್ರಮಿಸಬೇಕು. ಚಿತ್ರದುರ್ಗದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗೆ ನಾನೇ ಟವೆಲ್ ಹಾಕಿ ಕಾಯ್ದಿರಿಸುತ್ತೇನೆ.

ಮುಂದಿನ ತೀರ್ಪಿಗೆ ಹೆದರಿ ಮತ್ತೆ ಏಣಿ ಏರಿ ಕುಳಿತಿರುವ,
ತಮ್ಮ ವಿಶ್ವಾಸಿ,
ತಿಪ್ಪೇರುದ್ರಪ್ಪ

ವಿ.ಸೂ.: ಪತ್ರ ಮುಗಿಸುವಷ್ಟರಲ್ಲಿ ಓಬಳೇಶ್ ಸೈಕಲ್ ಒಯ್ದ. ಕ್ಯಾರಿಯರನ್ನು ಮಾತ್ರ ದಾಕ್ಷಾಯಣಮ್ಮನವರು ಅವನ ಕೈಯಲ್ಲೇ ಬಿಚ್ಚಿಸಿ, ಸೆರಗಿನಿಂದ ಒರೆಸಿ ಒಳಗಿಟ್ಟರು. ಯಾಕೆಂದು ಕೇಳಿದ್ದಕ್ಕೆ "ಏನಿಲ್ರಿ, ಹೂವಿನ ಕುಂಡ ಇಡಾಕೆ" ಎಂದರು. ನಾನು ಗಡಿಯಾರದ ಕಡೆ ನೋಡಿದೆ. ಬಹಳ ಹೊತ್ತು ಕಾದೆ. ತಾವು ಲೊಚಗುಟ್ಟಲಿಲ್ಲ. ಆ ಒಂದು ಮೌನಕ್ಕಾಗಿ ಗಡಿಯಾರ ಈ ವರ್ಷ ಅಲ್ಲೇ ಇರುತ್ತದೆ; ನಾನೂ ಹಳೇ ಸಾಮಾನೇ ಎಂದು ತಾವು ನೀಡಿದ ತೀರ್ಪು ಹಿಂಪಡೆಯುವವರೆಗೆ ಪೊರಕೆಯೂ ನನ್ನ ಕೈಯಲ್ಲೇ ಇರುತ್ತದೆ.