ಪರದೆಯ ಹಿಂದಿನ ಲಂಡನ್

ಲಂಡನ್ನಿನ ಕಲ್ಲಿನ ಮನುಷ್ಯರನ್ನು ಪೆಟ್ಟಿಗೆಯಲ್ಲಿ ತುಂಬಿಕೊಂಡು ಹಾಸನ ಜಿಲ್ಲೆ ಸುತ್ತಿದರೆ ಏನೂ ಆಗದೆ ಇರುತ್ತದೆಯೇ? ನನಗಂತೂ ಊರಿಗೊಂದು ಆಗಿದೆ.

ಎರಡನೇ ಮಹಾಯುದ್ಧಕ್ಕೆ ಇನ್ನೂ ಕೆಲವು ವರ್ಷವಿತ್ತು. ರಂಗೂನು, ಕೊಲಂಬೊ ಎಲ್ಲ ಮುಗಿಸಿ ಲಂಡನ್ನಿನಲ್ಲಿ ಒಂದು ವರ್ಷ ಇದ್ದು ಬಂದಿದ್ದೆ. ಹೆಂಗಸಾದರೂ ಮನೆಯಲ್ಲಿ ಕೂರುವ ಕಾಲು ನನ್ನದಲ್ಲ. ಅಲ್ಲಿಂದ ತಂದ, ದೀಪದ ಬೆಳಕಿನಿಂದ ಚಿತ್ರವನ್ನು ಪರದೆಯ ಮೇಲೆ ಬೀಳಿಸುವ ಮ್ಯಾಜಿಕ್ ಲ್ಯಾಂಟರ್ನನ್ನೂ ಗಾಜಿನ ಚಿತ್ರಗಳನ್ನೂ ಬಸ್ಸಿನ ಮೇಲೆ ಹೇರಿಕೊಂಡು, ಆ ನಗರದ ಪ್ರತಿಮೆಗಳನ್ನೂ ಕಟ್ಟಡಗಳನ್ನೂ ನಮ್ಮ ಹೆಂಗಸರಿಗೆ ತೋರಿಸಲು ಹೊರಟೆ.

ಅಭಿಷೇಕ

ಮೊದಲ ಪ್ರದರ್ಶನ ಹಾಸನದ ಒಂದು ಛತ್ರದಲ್ಲಿ. ಸಂಜೆ ಬಿಳಿ ಪರದೆ ಕಟ್ಟಿ ನೀರು ಚಿಮುಕಿಸಿದೆ. ಒದ್ದೆ ಬಟ್ಟೆಯಾದರೆ ಚಿತ್ರ ಎರಡು ಕಡೆಗೂ ಕಾಣುತ್ತದೆ. ಅದೇ ನನಗೆ ಮುಳುವಾಯಿತು.

"ಗಂಡಸರು ಪರದೆಯ ಮುಂದೆ, ಹೆಂಗಸರು ಹಿಂದೆ" ಎಂದರು ಛತ್ರದ ಯಜಮಾನರು.

"ಹಿಂದಿನಿಂದ ಎಡ ಬಲ ಅದಲುಬದಲಾಗಿ ಕಾಣುತ್ತದೆ, ಸ್ವಾಮಿ."

"ಅವರೇನು ಅಲ್ಲಿಗೆ ಹೋಗಿ ದಾರಿ ಹುಡುಕಬೇಕೇ?"

ಆ ಕ್ಷಣದಲ್ಲೇ ನಿಶ್ಚಯ ಮಾಡಿದೆ. ನಾಲ್ಕು ತಾಲ್ಲೂಕು ಮುಗಿಯುವುದರೊಳಗೆ ಒಂದೇ ಒಂದು ಊರಿನಲ್ಲಾದರೂ ಹೆಂಗಸರನ್ನು ಮುಂದೆ ಕೂರಿಸಿಯೇ ತೀರಬೇಕು.

ಅಂದು ಮಾತ್ರ ಸೋತು ಚಿತ್ರ ತೋರಿಸಿದೆ. ಮುಗಿಲೆತ್ತರದ ಕಂಬದ ಮೇಲೆ ನಿಂತ ನೌಕಾಪಡೆಯ ವೀರ ಬಂದ. ಹತ್ತಿರದ ಮೊಸಳೆ ಎಂಬ ಹಳ್ಳಿಯಿಂದ ಬಂದಿದ್ದ ಮುದುಕರೊಬ್ಬರು ಎದ್ದು ನಿಂತರು. ಹುಟ್ಟಿದಾಗಿನಿಂದ ಆ ಊರಿನ ಹೊಯ್ಸಳರ ಜೋಡಿಗುಡಿಯ ಕೆತ್ತನೆ ನೋಡಿದ ಕಣ್ಣು ಅವರದು.

"ಮೈಮ್ಯಾಲೆ ಒಂದ್ ಸರ ಇಲ್ಲ, ಕಡಗ ಇಲ್ಲ. ಕೆತ್ತೋನಿಗೆ ಪುರುಸೊತ್ತಿರಲಿಲ್ವಾ? ಓಗ್ಲಿ, ಅಷ್ಟೆತ್ತರದಾಗೆ ನಿಲ್ಸವ್ರಲ್ಲ, ಅಭಿಷೇಕ ಎಂಗವ್ವ ಮಾಡ್ತಾರೆ?"

"ಪಾರಿವಾಳಗಳು ದಿನಾ ಮಾಡುತ್ತವೆ" ಎಂದೆ.

"ಅಂಗಾರೆ ಸರಿ ಬುಡಿ, ನಿತ್ಯಪೂಜೆ ತಪ್ಪಿಲ್ಲ" ಎಂದು ಸಮಾಧಾನವಾಗಿ ಕೂತರು.

ಎಡಗೈ ರಾಜ

ಹೊಳೆನರಸೀಪುರದಲ್ಲೂ ಅದೇ ಕಟ್ಟಳೆ, ಅದೇ ಜಗಳ, ಅದೇ ಸೋಲು. ಪಾರ್ಲಿಮೆಂಟ್ ಭವನದ ಎದುರು ಕುದುರೆಯ ಮೇಲೆ ಕೂತು ಬಲಗೈಯಲ್ಲಿ ಕತ್ತಿ ಎತ್ತಿರುವ ಹಳೇ ರಾಜನ ಪ್ರತಿಮೆ ತೋರಿಸಿ, ಪೆಟ್ಟಿಗೆ ಮುಚ್ಚಿ ಮಲಗಿದೆ.

ಬೆಳಿಗ್ಗೆ ಕಾಫಿ ಲೋಟ ಕೈಯಲ್ಲಿರುವಾಗಲೇ ಜವಳಿ ಅಂಗಡಿಯವರೂ ಅವರ ಹೆಂಡತಿಯೂ ಬಾಗಿಲಲ್ಲಿ ನಿಂತಿದ್ದರು.

"ನೀವೇ ಹೇಳ್ರಮ್ಮ" ಎಂದರು ಅಂಗಡಿಯವರು. "ಎಡಗೈಲಿ ಕತ್ತಿ ಹಿಡಿಯೋ ರಾಜ ಎಲ್ಲಾದ್ರೂ ಇರ್ತಾನಾ?"

"ನಾನು ಕಣ್ಣಾರೆ ಕಂಡಿದೀನಿ" ಎಂದರು ಹೆಂಡತಿ. "ಎಡಗೈಯೇ. ನಿನ್ನೆಯಿಂದ ಒಂದೇ ಸಮ ನನ್ನ ಸುಳ್ಳಿ ಮಾಡ್ತಾವ್ರೆ."

ಸಿಕ್ಕಿತಲ್ಲ ಅವಕಾಶ ಎಂದು ಪರದೆಯ ವಿಚಾರ ಬಿಡಿಸಿ ಹೇಳಿದೆ. "ಇಬ್ಬರೂ ಕಂಡದ್ದು ನಿಜ. ಅದಕ್ಕೇ ಹೆಂಗಸರು ಮುಂದೆ ಕೂರಬೇಕು ಅನ್ನೋದು."

ಹೆಂಡತಿ ಮುಖ ತಿರುಗಿಸಿಕೊಂಡು ಸರಸರನೆ ಹೋಗಿಬಿಟ್ಟರು. ಗಂಡ ಅಲ್ಲೇ ಉಳಿದು ದನಿ ಇಳಿಸಿದರು.

"ಇಬ್ಬರದೂ ನಿಜ ಅಂದ್ಬುಟ್ರೆ ನನಗೆ ಅನ್ನ ಹಾಕೋರು ಯಾರಮ್ಮ? ನನ್ನದು ತಪ್ಪು ಅಂತ ಕೂಗಿ ಹೇಳ್ಬುಡಿ, ಅವಳಿನ್ನೂ ಬೀದಿ ತಿರುಗಿಲ್ಲ, ಕೇಳಿಸ್ತದೆ."

ಕೂಗಿದೆ.

ಸಿಂಬಿ

ಅರಕಲಗೂಡಿನಲ್ಲಿ ಊರ ಪಟೇಲರು ಇನ್ನೊಂದು ಕಾರಣ ಕೊಟ್ಟರು: ಹೆಂಗಸರು ಮುಂದೆ ಕೂತರೆ ಅವರ ತುರುಬು ಅಡ್ಡ ಬರುತ್ತದಂತೆ. ಪಟೇಲರ ಪೇಟ ಅಡ್ಡ ಬರುವುದಿಲ್ಲವೇ ಎಂದೆ. ಪೇಟಕ್ಕೆ ಮರ್ಯಾದೆ ಇದೆ ಎಂದರು.

ಲಂಡನ್ನಿನ ಒಂದು ಚರ್ಚಿನಲ್ಲಿ ಕಲ್ಲಿನ ಹೆಂಗಸರು ಸಾಲಾಗಿ ನಿಂತು ಚಾವಣಿಯನ್ನೇ ತಲೆಯ ಮೇಲೆ ಹೊತ್ತಿದ್ದಾರೆ. ಆ ಚಿತ್ರ ಬಿದ್ದದ್ದೇ ತಡ, ಪರದೆಯ ಹಿಂದಿನಿಂದ ಅಜ್ಜಿಯೊಬ್ಬಳ ದನಿ ಬಂತು.

"ಅಯ್ಯೋ, ತಲೆಗೆ ಬಟ್ಟೆ ಸಿಂಬಿ ಇಲ್ದೆ ಹೊತ್ತವ್ರಲ್ಲೇ! ನೆತ್ತಿ ಉರಿಯಾಕಿಲ್ವಾ? ಏನವ್ವಾ, ಆ ಊರಾಗೆ ಗಂಡಸ್ರಿಲ್ವಾ?"

"ಇದ್ದಾರಜ್ಜಿ. ಆಗಲೇ ತೋರಿಸಿದೆನಲ್ಲ, ಎಲ್ಲರೂ ಕುದುರೆ ಮೇಲೆ ಕೂತಿದ್ದಾರೆ."

"ಓ, ನಮ್ಮೂರಂಗೇ ಅನ್ನು."

ಪರದೆ ಅಲ್ಲಾಡುವ ಹಾಗೆ ಹೆಂಗಸರು ನಕ್ಕರು. ಪಟೇಲರು ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡರು.

ಲ್ಯಾಟಿನ್

ಉಳಿದದ್ದು ಚನ್ನರಾಯಪಟ್ಟಣ ಒಂದೇ. ಅಲ್ಲಿ ಸಭೆಯ ಅಧ್ಯಕ್ಷರು ಒಬ್ಬ ವಕೀಲರು. ಇಂಗ್ಲಿಷ್ ಬಲ್ಲವರೆಂದು ಹೆಸರಾದವರು. ನಾನು ಬಾಯಿ ತೆರೆಯುವ ಮೊದಲೇ "ಹೆಂಗಸರು ಹಿಂದೆ" ಎಂದರು.

ಈ ಸಲ ನಾನು ಜಗಳಕ್ಕೆ ಹೋಗಲಿಲ್ಲ. ತೆಪ್ಪಗೆ ಕೂತು ಗಾಜುಗಳನ್ನೆಲ್ಲ ಒಂದೊಂದಾಗಿ ಮಗುಚಿ ಇಟ್ಟುಕೊಂಡೆ. ಈಗ ಹಿಂದೆ ಕೂತವರಿಗೆ ಚಿತ್ರ ನೆಟ್ಟಗೆ, ಮುಂದೆ ಕೂತವರಿಗೆ ತಿರುಗುಮುರುಗು.

ಕುದುರೆ, ಗೋಪುರ, ಕಾರಂಜಿ ಎಲ್ಲ ಹೋದವು. ಯಾರಿಗೂ ತಿಳಿಯಲಿಲ್ಲ. ಆಮೇಲೆ ಸೈನಿಕರ ಸ್ಮಾರಕವೊಂದು ಬಂತು. ಅದರ ಕಟ್ಟೆಯ ಮೇಲೆ ದಪ್ಪ ಇಂಗ್ಲಿಷ್ ಅಕ್ಷರ.

ಹಿರೀಸಾವೆಯ ರೈತರೊಬ್ಬರು ವಕೀಲರ ಕಡೆ ತಿರುಗಿದರು. "ಏನ್ ಬರ್ದವ್ರೆ, ಓದಿ ಸಾ."

ವಕೀಲರು ಕನ್ನಡಕ ಹಾಕಿದರು, ತೆಗೆದರು, ಒರೆಸಿ ಮತ್ತೆ ಹಾಕಿದರು. "ಇದು ಇಂಗ್ಲಿಷಲ್ಲ, ಲ್ಯಾಟಿನ್. ನಮಗೆ ಸಂಸ್ಕೃತ ಹೇಗೋ ಅವರಿಗೆ ಅದು."

ಪರದೆಯ ಹಿಂದಿನಿಂದ ಹೆಣ್ಣುಮಕ್ಕಳ ಶಾಲೆಯ ಉಪಾಧ್ಯಾಯಿನಿ ಗಂಟೆ ಹೊಡೆದಂತೆ ಇಂಗ್ಲಿಷಿನಲ್ಲಿ ಓದಿ, "ಯುದ್ಧದಲ್ಲಿ ಸತ್ತವರ ನೆನಪಿಗೆ ಅಂತ ಇದೆ" ಎಂದರು.

"ವೀರಗಲ್ಲು ಕಣ್ರಲಾ!" ಎಂದರು ರೈತರು. "ಅಲ್ಲ ಸಾ, ಮೇಡಮ್ಮೋರ್ಗೆ ಲ್ಯಾಟಿನ್ನೂ ಬತ್ತದಾ?"

ವಕೀಲರು ಎದ್ದು ಪರದೆಯ ಹಿಂದಕ್ಕೆ ಹೋಗಿ ಇಣುಕಿ ನೋಡಿ ಬಂದರು. "ಜಾಗ ಸರಿಯಿಲ್ಲ. ಅಕ್ಷರ ಆ ಕಡೆ ಚೆನ್ನಾಗಿ ಬೀಳುತ್ತೆ. ಗಂಡಸರೆಲ್ಲ ಆ ಕಡೆ ನಡೀರಿ, ಹೆಂಗಸರು ಈ ಕಡೆ ಬರಲಿ."

"ಹೆಂಗಸ್ರು ಮುಂದ್ಕಾ ಸಾ?"

"ಮುಂದೆ ಯಾವುದಯ್ಯ? ಗಂಡಸರು ಕೂತ ಕಡೆಯೇ ಮುಂದೆ."

ಇದು ಕಾನೂನು ಓದಿದವರಿಗೆ ಮಾತ್ರ ಹೊಳೆಯುವ ಮಾತು. ನಾನು ತಲೆಬಾಗಿ ಒಪ್ಪಿಕೊಂಡೆ. ಹೆಂಗಸರು ಸೆರಗು ಸರಿಮಾಡಿಕೊಂಡು ಬಂದು ನನ್ನ ಲ್ಯಾಂಟರ್ನಿನ ಅಕ್ಕಪಕ್ಕ ಹರಡಿ ಕೂತರು. ಅವರೆಲ್ಲ ಕೂತದ್ದನ್ನು ನೋಡಿಕೊಂಡು, ಮಿಕ್ಕ ಗಾಜುಗಳನ್ನೆಲ್ಲ ಮತ್ತೆ ನೆಟ್ಟಗೆ ತಿರುಗಿಸಿ ಹಾಕಿದೆ.

ಉಪಾಧ್ಯಾಯಿನಿ ಒಂದೊಂದು ಕಟ್ಟೆಯ ಬರಹವನ್ನೂ ಓದಿ ಪಕ್ಕದವರ ಕಿವಿಯಲ್ಲಿ ಹೇಳುತ್ತಿದ್ದರು. ಆ ಕಡೆಯಿಂದ "ಈಗ ಓದಿ ಸಾ" ಎಂಬ ದನಿ, ಅದರ ಹಿಂದೆಯೇ ವಕೀಲರ ಕೆಮ್ಮು. ಇನ್ನೊಂದು ಚಿತ್ರ, ಇನ್ನೊಂದು ಕೆಮ್ಮು. ಜಾಗ ಬದಲಿಸಿದ್ದು ಅವರೇ ಆದ್ದರಿಂದ ದೂರು ಹೇಳುವ ಹಾಗೂ ಇರಲಿಲ್ಲ.

ಎಲ್ಲ ಮುಗಿದು ಪರದೆ ಬಿಚ್ಚುತ್ತಿದ್ದಾಗ ವಕೀಲರು ಹತ್ತಿರ ಬಂದರು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಕೇಳಿದರು:

"ಒಂದು ಬಿಟ್ಟು ಮಿಕ್ಕದ್ದೆಲ್ಲ ಲ್ಯಾಟಿನ್ನೇ ಅಲ್ಲವೇನಮ್ಮ? ಅಷ್ಟು ದೊಡ್ಡ ಲಂಡನ್ನಿನಲ್ಲಿ ಇಂಗ್ಲಿಷ್ ಬಲ್ಲವರು ಒಬ್ಬರೂ ಇಲ್ಲವೇ?"