ಬಾಡಿಗೆ ಅಪ್ಪನಿಗೆ ಒಬ್ಬ ಟೀಚರಮ್ಮನ ಅಹವಾಲು

ಬುಂಗೋಮಾ ಸಂತೆಯ ಮೂಲೆಯಲ್ಲಿ ಬೋಡಾಬೋಡಾ ಎಂಬ ಬಾಡಿಗೆ ಬೈಕಿನ ಮೇಲೆ ಗಿರಾಕಿಗಳಿಗಾಗಿ ಕಾದು ಕುಳಿತಿರುವ ಸನ್ಮಾನ್ಯ ಸಿಮಿಯು ಅವರ ಸನ್ನಿಧಿಗೆ,

ಮಾನ್ಯರೇ,

ತಮಗೂ, ತಮ್ಮ ಬೈಕಿಗೂ, ನಮ್ಮ ಶಾಲೆಗೆ ಬರುವಾಗಲೆಲ್ಲ ತಾವು ತೊಡುತ್ತಿದ್ದ ಆ ಕಂದು ಕೋಟಿಗೂ ನನ್ನ ನಮಸ್ಕಾರಗಳು.

ಅಪ್ಪನನ್ನು ಕರೆತರದೆ ತರಗತಿಗೆ ಕಾಲಿಡಬೇಡಿ ಎಂದು ನಾನು ಗದರಿದಾಗಲೆಲ್ಲ ನನ್ನ ಒಂಬತ್ತನೇ ತರಗತಿಯ ಮಕ್ಕಳು ಮನೆಗೆ ಹೋಗದೆ ನೆಟ್ಟಗೆ ತಮ್ಮ ನಿಲ್ದಾಣಕ್ಕೆ ಬಂದು, ತಮ್ಮನ್ನೇ ಅಪ್ಪನಾಗಿ ಬಾಡಿಗೆಗೆ ಹಿಡಿದು ತರುತ್ತಿದ್ದರೆಂದು ತಿಳಿಯಲು ನನ್ನಂಥ ಬುದ್ಧಿವಂತಳಿಗೆ ಎರಡು ವರ್ಷ ಬೇಕಾಯಿತು. ತಾವು ಹೊತ್ತಿಗೆ ಸರಿಯಾಗಿ ಬರುತ್ತಿದ್ದಿರಿ, ಟೋಪಿ ತೆಗೆದು ಕೂರುತ್ತಿದ್ದಿರಿ, ಮಗು ಗಣಿತದಲ್ಲಿ ಹೇಗಿದೆ ಎಂದು ಕೇಳುತ್ತಿದ್ದಿರಿ. ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಹೆತ್ತ ಅಪ್ಪಂದಿರಾದರೆ "ನಾಲ್ಕು ಏಟು ಬಿಡ್ರಿ ಮೇಡಂ, ನಾವೇನ್ ಕೇಳಲ್ಲ" ಎಂದು ಬೇಲಿಯಾಚೆಯಿಂದಲೇ ಕೂಗಿ ಹೊರಟುಬಿಡುತ್ತಾರೆ.

ಕಳೆದ ತಿಂಗಳು ಒಂದೇ ಬೆಳಿಗ್ಗೆ ಎರಡು ಬಾಡಿಗೆ ಒಪ್ಪಿಕೊಂಡದ್ದೇ ತಮ್ಮ ಎಡವಟ್ಟು. ಹುಡುಗ ಬರಾಸಾ, ಹುಡುಗಿ ನಲಿಯಾಕಾ ಇಬ್ಬರೂ ತಮ್ಮ ಅಕ್ಕಪಕ್ಕ ನಿಂತಾಗ, ಒಂದಿಷ್ಟೂ ತಡವರಿಸದೆ "ಇಬ್ರೂ ನಮ್ಮವೇ ಮೇಡಂ, ತಾಯಂದ್ರು ಬೇರೆ ಬೇರೆ" ಎಂದಿರಿ. ನಾನಂತೂ ನಂಬಿದ್ದೆ. ಆದರೆ ಬರಾಸಾನ ನಿಜವಾದ ಅಪ್ಪ ಹುಡುಗರಾಗಿದ್ದಾಗ ಊರ ಪದ್ಧತಿಯಂತೆ ನಮ್ಮ ಹೆಡ್‌ಮಾಸ್ಟರರ ಜೊತೆಗೇ ಸುನ್ನತಿಯಾದವರು. ಒಂದೇ ಚಾಕುವಿನ ಆ ನಂಟನ್ನು ನಮ್ಮಲ್ಲಿ ಸಾಯುವವರೆಗೂ ಯಾರೂ ಮರೆಯುವುದಿಲ್ಲ. ಅಷ್ಟರಲ್ಲಿ ಬಂದ ಹೆಡ್‌ಮಾಸ್ಟರರು ಮುಖ ನೋಡಿದ್ದೇ ತಮ್ಮನ್ನು ಗೇಟಿನಾಚೆ ಅಟ್ಟಿದರು. ಹೋಗುವವರು ಸುಮ್ಮನೆ ಹೋದಿರಾ? "ನಂಗೆ ಬೇಕಾದಷ್ಟು ಬೈಯಿರಿ ಮೇಡಂ, ಆದ್ರೆ ನಲಿಯಾಕಾನ ಓದಿಸಿ. ಬೈಕ್ ಹಿಂದೆ ಕೂತ್ಕೊಂಡು ದಾರಿಯುದ್ದಕ್ಕೂ ಮಗ್ಗಿ ಹೇಳ್ತಾಳೆ" ಎಂದಿರಿ. ನನ್ನ ದೂರು ಇರುವುದು ಈ ಮಾತಿನ ಬಗ್ಗೆಯೇ.

ಏಕೆಂದರೆ ಆಮೇಲೆ ನಾನು ಅವಳ ನಿಜವಾದ ಅಪ್ಪ ಮಕೋಖಾ ಅವರನ್ನು ಕರೆಸಿದೆ. ಬಂದವರು "ಯಾವ ಕ್ಲಾಸು ಇವ್ಳು?" ಎಂದು ನನ್ನನ್ನೇ ಕೇಳಿದರು. ಓದಿದ್ದು ಸಾಕು, ನೈರೋಬಿಯಲ್ಲಿ ಸೋದರತ್ತೆಯ ಮನೆಯ ಪಾತ್ರೆ ತೊಳೆಯಲಿ ಎಂದರು. ತಮ್ಮ ಆ ಮಾತು ಕೇಳಿರದಿದ್ದರೆ ನಾನೂ ಆಗಲಿ ಎನ್ನುತ್ತಿದ್ದೆನೇನೋ ಸ್ವಾಮಿ.

ಆದ್ದರಿಂದ ತಾವು ದಯಮಾಡಿ ಈ ಸೀಮೆಯ ಅಪ್ಪಂದಿರಿಗೆಲ್ಲ ಒಂದು ತರಬೇತಿ ಶಿಬಿರ ನಡೆಸಿಕೊಡಬೇಕು. ಟೋಪಿ ತೆಗೆಯುವುದು, ಕುರ್ಚಿಯಲ್ಲಿ ಕೂರುವುದು, ಸ್ವಂತ ಮಗುವಿನ ತರಗತಿ ನೆನಪಿಡುವುದು ಇಷ್ಟು ಕಲಿಸಿದರೆ ಸಾಕು, ಗಣಿತ ಮುಂದಿನ ವರ್ಷ ನೋಡೋಣ. ಅದಾಗದಿದ್ದರೆ ಈ ಶುಕ್ರವಾರದ ಪೋಷಕರ ಸಭೆಗೆ ಕೋಟು ತೊಟ್ಟು ಬರಬೇಕು. ಹೆಡ್‌ಮಾಸ್ಟರರು ಅಂದು ಊರಲ್ಲಿರುವುದಿಲ್ಲ. ಆ ಸಭೆಯಲ್ಲಿ ನಲಿಯಾಕಾಳನ್ನು ಮುಂದೆ ಹಾಸ್ಟೆಲ್ ಶಾಲೆಗೆ ಕಳಿಸುತ್ತೀರಾ ಎಂದು ಅವಳ ಅಪ್ಪನನ್ನು ಕೇಳಬೇಕಾದವಳು ನಾನೇ, ಅಪ್ಪ ಹೂಂ ಎಂದರೆ ಅದೇ ಕೊನೆಯ ಮಾತು.

ಶಾಲೆಯ ಗೇಟಿನ ಹೊರಗೆ ಮಾತ್ರ ತಮ್ಮ ವಿಶ್ವಾಸಿ,
ರಿಸ್ಪಾ ನಾಂಜಾಲಾ

ಮರೆತ ಮಾತು: ಮಕೋಖಾ ಅವರೇ, ಇದು ಬಹಿರಂಗ ಪತ್ರವಾದ್ದರಿಂದ ಚಹಾದಂಗಡಿಯಲ್ಲಿ ಯಾರಾದರೂ ತಮಗೆ ಓದಿ ಹೇಳಿಯೇ ಹೇಳುತ್ತಾರೆ. ನಲಿಯಾಕಾಳ ಅಪ್ಪನಿಗೆಂದು ಒಂದೇ ಕುರ್ಚಿ ಹಾಕಿಸಿದ್ದೇನೆ. ಮೊದಲು ಬಂದು ಕೂತವರನ್ನೇ ಕೇಳುತ್ತೇನೆ.