ಅಮೃತಬಳ್ಳಿ ಮತ್ತು ನನ್ನ ನಾಲಿಗೆ

ಕಾಯಿಲೆಯವರನ್ನು ಕಂಡರೆ ಸುಮ್ಮನಿರಲಾರದವರಲ್ಲಿ ನಾನೂ ಒಬ್ಬ. ಯಾರಾದರೂ ಕೆಮ್ಮಿದರೆ ಸಾಕು, ನನ್ನ ಬಾಯಿಂದ ಒಂದು ಔಷಧ ಹೊರಬೀಳುತ್ತದೆ. ಉಳಿದವರು ಶುಂಠಿ, ಮೆಣಸು ಎಂದು ನಿಲ್ಲಿಸುತ್ತಾರೆ. ಚನ್ನಗಿರಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವ ನಾನು ಅದರೊಳಗಿನ ರಾಸಾಯನಿಕದ ಹೆಸರನ್ನೂ ಸೇರಿಸುತ್ತೇನೆ. ಅದೇ ಹೆಸರನ್ನು ತರಗತಿಯಲ್ಲಿ ಹೇಳಿದರೆ ಹುಡುಗರು ಆಕಳಿಸುತ್ತಾರೆ. ಮದುವೆಮನೆಯಲ್ಲಾದರೆ ಜನ ಹೋಳಿಗೆ ಬಿಟ್ಟು ಕೇಳುತ್ತಾರೆ. ಇಂಥ ಮರ್ಯಾದೆಯನ್ನು ಬಿಟ್ಟುಕೊಡುವುದು ಸುಲಭವಲ್ಲ.

ಕೆರೆಬಿಳಚಿಯಲ್ಲಿ ನೆಂಟರ ಗೃಹಪ್ರವೇಶದ ದಿನ ಊಟ ಮುಗಿಸಿ ಅಂಗಳದಲ್ಲಿ ಕೂತಿದ್ದೆವು. ಪಕ್ಕದ ಬೇವಿನ ಮರಕ್ಕೆ ಅಮೃತಬಳ್ಳಿ ಹಬ್ಬಿತ್ತು. "ಇದು ಶುಗರ್‌ಗೆ ಒಳ್ಳೇದಂತಲ್ರೀ ಮೇಷ್ಟ್ರೇ?" ಎಂದು ಕೇಳಿದವರು ನನ್ನ ಹೆಂಡತಿಯ ಅಣ್ಣ, ನ್ಯಾಮತಿಯಲ್ಲಿ ಅಡಿಕೆ ವ್ಯಾಪಾರ ಮಾಡುವ ಬಸಣ್ಣ ಭಾವ. ಅವರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಿದ್ದೂ ಶುರು ಹಚ್ಚಿಕೊಂಡೆ. ಕಾಂಡದಲ್ಲಿ ಬರ್ಬೆರಿನ್ ಇದೆ, ಕಹಿಯ ಅಂಶಗಳು ಬೇರೆ ಇವೆ, ಸಕ್ಕರೆ ಇಳಿಸುವ ಗುಣದ ಬಗ್ಗೆ ಸಂಶೋಧನೆಗಳೂ ನಡೆದಿವೆ ಎಂದೆ. ಡಾಕ್ಟರು ಕೊಟ್ಟ ಮಾತ್ರೆಗೆ ಇದು ಬದಲಿಯಲ್ಲ ಎಂದು ಹೇಳಬೇಕೆನ್ನುವಷ್ಟರಲ್ಲಿ ಎಲೆ ಅಡಿಕೆಯ ತಟ್ಟೆ ಬಂತು. ಬಾಯಿ ತುಂಬಿಕೊಂಡಿತು.

ಒಂದೆರಡು ತಿಂಗಳ ಮೇಲೆ ಹೆಂಡತಿ ಫೋನ್ ಹಿಡಿದುಕೊಂಡೇ ಎದುರಿಗೆ ಬಂದು ನಿಂತಳು. "ಅಣ್ಣ ಮಾತ್ರೆ ಬಿಟ್ಟಾನಂತೆ. ದಿನಾ ಅಮೃತಬಳ್ಳಿ ಕಷಾಯನೇ ಅಂತೆ. ಯಾರು ಹೇಳಿದ್ದು ಅಂತ ಅತ್ತಿಗೆ ಕೇಳಿದ್ರೆ ನಿಮ್ಮ ಹೆಸರು ಹೇಳ್ತಾನಂತೆ. ಹೋಗಿ ನೆಟ್ಟಗೆ ಮಾಡಿ ಬರ್ರಿ" ಎಂದಳು.

ನ್ಯಾಮತಿಗೆ ಹೋದೆ. ಭಾವನ ಅಂಗಿ ಹೆಗಲಿನಿಂದ ಜೋತುಬಿದ್ದಿತ್ತು. "ನೋಡ್ರಿ, ಹೆಂಗೆ ತೆಳ್ಳಗಾಗೀನಿ! ಎಲ್ಲಾ ನಿಮ್ಮ ಬರ್ಬೆರಿನ್ ದಯೆ" ಎಂದು ಸಂಭ್ರಮಪಟ್ಟರು. "ಬಿಂದಿಗೆಗಟ್ಟಲೆ ನೀರು ಕುಡೀತಾರೆ, ಮೆಟ್ಲು ಹತ್ತಾಕೆ ಆಗಲ್ಲ" ಎಂದು ಒಳಗಿನಿಂದ ಅವರ ಹೆಂಡತಿ ಗೌರಕ್ಕ ಕೂಗಿದರು. ಸಕ್ಕರೆ ಏರಿದ್ದರ ಲಕ್ಷಣವೇ ಇದು ಎಂದು ನನಗೆ ಹೊಳೆಯಿತು.

"ಭಾವ, ಬಳ್ಳಿಯೊಳಗೆ ಎಷ್ಟು ಸತ್ವ ಐತೆ ಅಂತ ಹೇಳಾಕೆ ಬರಲ್ಲ. ಕೆಲವರಿಗೆ ಲಿವರ್‌ಗೂ ತೊಂದ್ರೆ ಆಗೈತೆ. ಮಾತ್ರೆ ತಗಳ್ರಿ" ಎಂದೆ.

"ಅವತ್ತು ಇದು ಹೇಳ್ಲಿಲ್ಲಲ್ರೀ?"

"ಬಾಯಾಗೆ ಎಲೆ ಅಡಿಕೆ ಇತ್ತು."

ಭಾವ ಒಳಗೆ ಹೋಗಿ ದೊಡ್ಡ ಲೋಟದ ತುಂಬ ಕಷಾಯ ತಂದಿಟ್ಟರು. "ಇದನ್ನ ಕುಡೀರಿ. ಕುಡಿದ್ರೆ ಈಗಲೇ ಡಾಕ್ಟ್ರ ಹತ್ರ ಬರ್ತೀನಿ" ಎಂದರು. ಕಹಿಯ ಬಗ್ಗೆ ನಾನು ಇಷ್ಟು ವರ್ಷ ಪಾಠ ಮಾಡಿದ್ದೇ ಹೊರತು ಕುಡಿದಿರಲಿಲ್ಲ. ಮೊದಲ ಗುಟುಕಿಗೇ ಕಿವಿ ಮುಚ್ಚಿದಂತಾಯಿತು. ಗೌರಕ್ಕ ಬೆಲ್ಲ ಹಿಡಿದು ನಿಂತಿದ್ದರು. ಭಾವ ಅದನ್ನು ತಡೆದರು. ಲೋಟ ಖಾಲಿಯಾದ ಮೇಲೆಯೇ ಚಪ್ಪಲಿ ಮೆಟ್ಟಿದರು.

ಆಸ್ಪತ್ರೆಯಲ್ಲಿ ರಿಪೋರ್ಟ್ ನೋಡಿದ ಡಾಕ್ಟರಮ್ಮ ಕನ್ನಡಕ ತೆಗೆದರು. "ಇನ್ನೊಂದಿಷ್ಟು ದಿನ ಹಿಂಗೇ ಬಿಟ್ಟಿದ್ರೆ ನಿಮ್ಮನ್ನ ಐಸಿಯುದಾಗೆ ನೋಡಬೇಕಾಗ್ತಿತ್ತು. ಮಾತ್ರೆ ಬಿಡಾಕೆ ಹೇಳಿದ್ಯಾರು?"

ಭಾವ ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ಯಾರೂ ಇಲ್ರೀ ಮೇಡಂ, ನಂದೇ ಹುಚ್ಚು" ಎಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. "ನಾನು ಮೇಡಂ" ಎಂದು ಕೈ ಎತ್ತಿದೆ, ತರಗತಿಯ ಹುಡುಗನ ಹಾಗೆ.

ಆಕೆ ನನ್ನ ಹೊಟ್ಟೆಯನ್ನೊಮ್ಮೆ ನೋಡಿದರು. "ಹಂಗಾದ್ರೆ ನಿಮ್ದೂ ಒಂದು ಟೆಸ್ಟ್ ಮಾಡೋಣ, ಬರ್ರಿ."

ಭಾವ ಅಂದೇ ಮಾತ್ರೆ ಮತ್ತೆ ಶುರು ಮಾಡಿದರು. ಈಗ ಅಂಗಿ ಮೈಗೆ ಸರಿಯಾಗಿ ಕೂರುತ್ತಿದೆ. ಅವತ್ತಿನ ಟೆಸ್ಟಿನಲ್ಲಿ ನನ್ನ ರಕ್ತದಲ್ಲೂ ಸಕ್ಕರೆ ಧಾರಾಳವಾಗಿಯೇ ಇತ್ತು. ಜೀವನಪರ್ಯಂತದ ಮಾತ್ರೆಯ ಚೀಟಿಯೊಂದಿಗೆ ಹೊನ್ನಾಳಿಯ ಬಸ್ಸು ಹತ್ತಿದೆ.

ಪಕ್ಕದಲ್ಲಿ ಸೊಕ್ಕೆ ಊರಿನ ಹಿರಿಯರೊಬ್ಬರು ಕೂತಿದ್ದರು. ಚೀಟಿ ನೋಡಿ, "ಶುಗರ್ರಾ? ಮಾತ್ರೆ ಗೀತ್ರೆ ಯಾಕ್ರೀ? ನಮ್ಮ ಕಡೆ ಮಧುನಾಶಿನಿ ಅಂತ ಒಂದು ಬಳ್ಳಿ ಐತೆ. ಎಲೆ ಅಗಿದು ಸಕ್ಕರೆ ತಿಂದ್ರೆ ಮಣ್ಣು ತಿಂದಂಗೆ ಆಗ್ತತಿ" ಎಂದರು.

ಆ ಎಲೆ ನಾಲಿಗೆಯ ಸಿಹಿಯನ್ನು ಮರೆಸುತ್ತದೆಯೇ ಹೊರತು ಮಾತ್ರೆಯ ಕೆಲಸ ಮಾಡುವುದಿಲ್ಲ ಎಂದು ಗಟ್ಟಿಯಾಗಿ ಹೇಳಲು ಅವರ ಕಡೆ ತಿರುಗಿದೆ. ಬಾಯಲ್ಲಿ ಎಲೆ ಅಡಿಕೆ ಕೂಡ ಇರಲಿಲ್ಲ.

"ಖಾಲಿ ಹೊಟ್ಟೇಲೋ, ಊಟ ಆದ್ಮೇಲೋ?" ಎಂದು ಕೇಳಿದೆ.